ದ್ವೀಪಗಳ ಮಳೆ ಬಲ್ಲ ಭಾವ

ನಮ್ಮ ಭಾವನಿಗೆ ಮಳೆ ಎಲ್ಲೆಲ್ಲಿ ಬರುತ್ತದೆಂದು ಗೊತ್ತು, ಅವರ ತಲೆಯ ಮೇಲೆ ಬರುವ ಮಳೆಯೊಂದನ್ನು ಬಿಟ್ಟು! ಉತ್ಪ್ರೇಕ್ಷೆ ಎನ್ನುತ್ತೀರಾ? ಕೇಳಿ. ಮೆಲ್ಬರ್ನ್‌ನ ಒಂದು ಹವಾಮಾನ ಕಚೇರಿಯಲ್ಲಿ ಕೂತು, ಪೆಸಿಫಿಕ್ ಸಾಗರದ ಪುಟ್ಟ ಪುಟ್ಟ ದ್ವೀಪಗಳಲ್ಲಿ ನಾಳೆ ಸೆಕೆ ಎಷ್ಟು, ಗುಡುಗು ಯಾವಾಗ, ನೆರೆ ಬರುವ ಭಯ ಇದೆಯೇ ಎಂದು ಲೆಕ್ಕ ಹಾಕಿ ಹೇಳುವುದು ಅವರ ಉದ್ಯೋಗ. ಸಾವಿರಾರು ಮೈಲಿ ಆಚೆಯ ದ್ವೀಪದ ಮೇಲೆ ತೇಲುವ ಮೋಡ ಅವರಿಗೆ ಕಾಣುತ್ತದೆ. ಕಿಟಕಿಯಾಚೆ ಸ್ವಂತ ಮನೆಯ ಹಗ್ಗದ ಮೇಲೆ ಬಟ್ಟೆ ತೊಯ್ಯುತ್ತಿರುವುದು ಕಾಣುವುದಿಲ್ಲ.

“ನಿಮ್ಮ ದ್ವೀಪದಾಗ ಬಿಸಲ ಅದ ಏನು?” ಎಂದು ಅಕ್ಕ ಕೇಳುತ್ತಿದ್ದಳು.

“ಭಾಳ ಛಲೋ ಬಿಸಲ ಅದ.”

“ಹಂಗಾರ ಈ ಅರಿವಿ ಅಲ್ಲೇ ಒಯ್ದು ಒಣಗಿಸಿಕೊಂಡು ಬರ್ರಿ!”

ಅಕ್ಕ ಹೋಗಿ ಈಗ ವರ್ಷ ದಾಟಿತು. ಅವಳಿದ್ದಾಗ ನನಗೂ ಭಾವನಿಗೂ ಸಂಬಂಧ ಏನೆಂದು ಯಾರೂ ಕೇಳುವಂತಿರಲಿಲ್ಲ. ಅವಳು ಹೋದ ಮೇಲೆ ಅದನ್ನು ನಾನೇ ಕೇಳಿಕೊಳ್ಳಬೇಕಾಯಿತು. ಅಕ್ಕನೇ ಇಲ್ಲದ ಮೇಲೆ ಅಕ್ಕನ ಗಂಡ ನನಗೆ ಯಾರು? ಈ ದೇಶದಲ್ಲಿ ನನ್ನವರು ಎನ್ನಲು ಬೇರೆ ಯಾರೂ ಇಲ್ಲ. ನಾನು ಐಟಿಐ ಕಲಿತ ಫಿಟ್ಟರ್. ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಬಸ್ ಡಿಪೋದಲ್ಲಿ ರಿಪೇರಿ ಕೆಲಸ, ಒಂದು ರೂಮಿನ ಬಾಡಿಗೆ ಮನೆ. ಮದುವೆ ಯಾಕೆ ಆಗಲಿಲ್ಲ ಎಂಬುದು ಬೇರೆಯೇ ಪ್ರಬಂಧ, ಅದನ್ನು ಯಾರೂ ಓದುವುದಿಲ್ಲ!

ಭಾವನ ವಿಷಯಕ್ಕೆ ಬರುತ್ತೇನೆ. ಮೊದಮೊದಲು ಅವರ ಕೆಲಸದ ಬಗ್ಗೆ ನನಗೆ ಒಂದು ಗುಮಾನಿ ಇತ್ತು. ದ್ವೀಪದಲ್ಲಿ ಇವತ್ತು ಮೂವತ್ತೊಂದು ಡಿಗ್ರಿ. ನಾಳೆ? ಮೂವತ್ತೊಂದು. ನಾಡಿದ್ದು? ಮೂವತ್ತೊಂದು! ಇದಕ್ಕೆ ಸಂಬಳ ಬೇರೆ ಕೊಡುತ್ತಾರೆಯೇ?

“ಭಾವ, ಇಷ್ಟ ಆದ್ರ ನಾನೂ ಹೇಳ್ತಿದ್ದೆನಲ್ಲರೀ,” ಎಂದೆ ಒಮ್ಮೆ. “ಬಾಗಲಕೋಟಿ ಬಿಸಲಾಗ ಬೆಳೆದಾಂವ ನಾನು. ಮೂವತ್ತೊಂದು ನಮಗ ಚಳಿಗಾಲ!”

ಭಾವ ನಗಲಿಲ್ಲ. “ಬಾಗಲಕೋಟ್ಯಾಗ ಬೆವರು ಆರ್ತದ. ದ್ವೀಪದಾಗ ಆರಂಗಿಲ್ಲ. ರಾತ್ರೀನೂ ಮೈ ತಣ್ಣಗಾಗಲಿಲ್ಲ ಅಂದ್ರ ವಯಸ್ಸಾದವ್ರು ಮುಂಜಾನಿ ಏಳಂಗಿಲ್ಲಪಾ. ಹಗಲಿನ ಅಂಕಿ ನೋಡಬ್ಯಾಡ, ಬೆವರು ನೋಡು.”

ಬೆವರನ್ನು ನೋಡುವುದು ಹೇಗೆ? ಮೆಲ್ಬರ್ನ್ ಅಂಚಿನ ಟಾರ್ನೀಟ್‌ನ ಹೊಸ ಮನೆಯಲ್ಲಿ ಅಕ್ಕ ಸತ್ಯನಾರಾಯಣ ಪೂಜೆ ಇಟ್ಟುಕೊಂಡ ದಿನ ನನಗೆ ಗೊತ್ತಾಯಿತು. ಹಾಲ್ ತುಂಬ ಜನ. ಬಾತ್‌ರೂಮಿನ ಮುಂದೆ ಸಾಲು. ಒಳಗೆ ಭಾವ, ಬಕೆಟ್ಟಿಗೆ ಕುದಿಯುವ ನೀರು ಹಾಕಿ ಕಿಟಕಿ ಮುಚ್ಚಿ, ಎರಡು ಥರ್ಮಾಮೀಟರ್ ತೂಗುಹಾಕಿ ಕೂತಿದ್ದರು. ಒಂದು ಬರಿಯದು, ಇನ್ನೊಂದಕ್ಕೆ ಒದ್ದೆ ಬಟ್ಟೆ. ಬಟ್ಟೆ ಆರಿದಷ್ಟೂ ಆ ಎರಡನೆಯದು ಕೆಳಗಿಳಿಯುತ್ತದೆಯಂತೆ. ಇಳಿಯದಿದ್ದರೆ ಬೆವರೂ ಆರುವುದಿಲ್ಲ ಎಂದು ಅರ್ಥವಂತೆ.

ಅಕ್ಕ ಬಾಗಿಲು ಬಡಿದಳು. “ಒಳಗ ಏನ್ ಮಾಡ್ಲಿಕ್ಕತ್ತೀರಿ? ಮಂದಿ ನಿಂತಾರ!”

“ಹತ್ತ ನಿಮಿಷ ತಡಿ. ಬೆವರು ಆರ್ತದೋ ಇಲ್ಲೋ ನೋಡ್ಲಿಕ್ಕತ್ತೀನಿ.”

“ಹೊರಗ ಬಂದು ನನ್ನ ಬೆವರು ನೋಡ್ರಿ!”

ಭಾವ ಹೊರಗೆ ಬಂದಾಗ ಅವರ ರೇಷ್ಮೆ ಮಡಿ ಮೈಗೆ ಅಂಟಿಕೊಂಡಿತ್ತು, ಮುಖದಲ್ಲಿ ಮಾತ್ರ ವರ ಸಿಕ್ಕವರ ಕಳೆ. ಪೂಜೆ ಮುಗಿಯುವವರೆಗೂ ಅವರು ತೀರ್ಥದ ಬಟ್ಟಲನ್ನಲ್ಲ, ಕೈಯಲ್ಲಿದ್ದ ಚೀಟಿಯ ಅಂಕಿಗಳನ್ನೇ ನೋಡುತ್ತಿದ್ದರು.

ಗುಡುಗಿನ ಶಾಸ್ತ್ರ ಇನ್ನೂ ಸ್ವಾರಸ್ಯದ್ದು. ದ್ವೀಪದ ನೆಲ ಬೆಳಗಿನಿಂದ ಕಾಯುತ್ತದೆ. ಸುತ್ತಲಿನ ಸಮುದ್ರದಿಂದ ತಂಪು ಗಾಳಿ ಒಳನುಗ್ಗುತ್ತದೆ. ಆ ಕಡೆಯದೂ ಈ ಕಡೆಯದೂ ನಡುವಿನ ಗುಡ್ಡದ ಮೇಲೆ ಡಿಕ್ಕಿ ಹೊಡೆದು ಮೋಡ ಏಳುತ್ತದೆ. ಮಧ್ಯಾಹ್ನ ಮೂರಕ್ಕೆ ಗುಡುಗು! ಒಮ್ಮೆ ಭಾವನ ತಾಯಿಯೂ ನಾನೂ ಒಟ್ಟಿಗೇ ಅವರ ಮನೆಯಲ್ಲಿದ್ದೆವು. ಆಕೆ ತಮ್ಮ ಮನೆಯ ಸಾರನ್ನು ಹೊಗಳುವುದು, ನಾನು ನಮ್ಮ ಅವ್ವನ ಸಾರನ್ನು ಹೊಗಳುವುದು, ಅಕ್ಕ ಎರಡರ ನಡುವೆ ಒಲೆಯ ಮುಂದೆ. ಭಾವ ನನ್ನ ಕಿವಿಯಲ್ಲಿ ಹೇಳಿದರು: “ಎರಡೂ ಕಡಿಯಿಂದ ಗಾಳಿ ಬೀಸಲಿಕ್ಕತ್ತದ. ಮೂರಕ್ಕ ನೋಡು.” ಮೂರಕ್ಕೆ ಹತ್ತು ನಿಮಿಷ ಇರುವಾಗ ಅಡುಗೆಮನೆಯಲ್ಲಿ ಬೋಗುಣಿ ಢಣ್ಣೆಂದಿತು. ಭಾವ ಗಡಿಯಾರ ನೋಡಿ ಬೇಸರಪಟ್ಟರು. “ಹತ್ತ ನಿಮಿಷ ತಪ್ಪಿತು!”

ಅವರ ಅಡುಗೆಮನೆಯ ಗೋಡೆಯಲ್ಲಿ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ಇತ್ತು. ಭಾವ ಬೆಳಿಗ್ಗೆ ಎದ್ದು ಮೊದಲು ಅದರ ಮುಂದೆ ನಿಲ್ಲುತ್ತಿದ್ದರು. ಗಂಡನಿಗೆ ಕೊನೆಗೂ ಭಕ್ತಿ ಬಂತು ಎಂದು ಅಕ್ಕ ಗುಡಿಯಲ್ಲಿ ಹೇಳಿಕೊಂಡು ಬಂದಳು. ಗುಡಿಯ ಅರ್ಚಕರು ಸಂತೋಷಪಟ್ಟು ಕೇಳಿದರು, “ಅಮಾವಾಸ್ಯೆ ಹುಣ್ಣಿಮೆ ಎಲ್ಲ ನೋಡ್ತೀರಂತೆ. ಉಪವಾಸ ಮಾಡ್ತೀರಾ?”

“ಇಲ್ರೀ. ಅವತ್ತ ಸಮುದ್ರ ಉಬ್ಬತದ. ಅದ ಹೊತ್ತಿಗೆ ದೊಡ್ಡ ಮಳಿ ಬಂದ್ರ ಹಳ್ಳದ ನೀರಿಗೆ ಹೊರಗ ಹೋಗ್ಲಿಕ್ಕ ದಾರಿ ಇರಂಗಿಲ್ಲ, ಊರೊಳಗ ನುಗ್ಗತದ. ನೆರೆ ಬರೋದು ಹಂಗ ನೋಡ್ರಿ.”

ಅರ್ಚಕರು ಪ್ರಸಾದ ಕೊಟ್ಟು ಕಳಿಸಿದರು.

ಎಲ್ಲಕ್ಕಿಂತ ವಿಚಿತ್ರವಾದದ್ದು ಆ ಮನೆಯ ಪಾಯಸದ ಪದ್ಧತಿ. ಬೇರೆಯವರ ಮನೆಯಲ್ಲಿ ಹೇಳಿದ ಮಾತು ನಿಜವಾದರೆ ಸಿಹಿ ಮಾಡುತ್ತಾರೆ. ಅಕ್ಕನ ಮನೆಯಲ್ಲಿ ಭಾವನ ಮಾತು ಸುಳ್ಳಾದರೆ ಪಾಯಸ! ಒಂದು ದ್ವೀಪಕ್ಕೆ ನೆರೆ ಬರುವ ಸಂಭವವಿದೆ ಎಂದು ಎಚ್ಚರಿಕೆ ಕೊಟ್ಟ ಮೇಲೆ ಭಾವನಿಗೆ ಅನ್ನ ಸೇರುತ್ತಿರಲಿಲ್ಲ. ಅಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆಯುವವರು ಒಬ್ಬ ಮುದುಕ ಮೇಷ್ಟರು. ಅವರಿಗೆ ಫೋನ್ ಮಾಡಿ, ಮಳೆ ಬರಲೇ ಇಲ್ಲ, ಜನ ಸಾಮಾನು ಹೊತ್ತು ಗುಡ್ಡ ಹತ್ತಿದ್ದು ದಂಡ, ಎಲ್ಲರೂ ನಿಮಗೆ ಬೈಯುತ್ತಿದ್ದಾರೆ ಎಂದು ಕೇಳಿಸಿಕೊಂಡರೆ ಭಾವ ಮಗುವಿನಂತೆ ನಗುತ್ತಿದ್ದರು. “ಬೈಲಿ ಬಿಡು. ಬೈಲಿಕ್ಕೆ ಎಲ್ಲಾರೂ ಇದ್ದಾರಲ್ಲ!” ಅಕ್ಕ ಶ್ಯಾವಿಗೆ ಹುರಿಯಲು ಏಳುತ್ತಿದ್ದಳು.

ಅಕ್ಕನಿಗೆ ಕಾಯಿಲೆ ಬಂದಾಗ ಡಾಕ್ಟರು ಇಷ್ಟು ತಿಂಗಳು ಎಂದು ಒಂದು ಅಂದಾಜು ಹೇಳಿದರು. ಭಾವ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಆ ಅಂದಾಜು ತಪ್ಪಲಿ ಎಂದು ಕಾದರು. ಜಗತ್ತಿನಲ್ಲಿ ಅಂದಾಜುಗಳು ಎಷ್ಟು ತಪ್ಪುತ್ತವೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದು ತಪ್ಪಲಿಲ್ಲ.

ಆಮೇಲೆ ನಮ್ಮಿಬ್ಬರಿಗೂ ಮಾತು ಸಿಗದಾಯಿತು. ಮೊದಲೆಲ್ಲ ಭಾನುವಾರ ಸಂಜೆ ಅಕ್ಕನ ಫೋನ್. ಅರ್ಧ ಗಂಟೆ ಅವಳು ಮಾತಾಡಿ, “ತಡಿ, ನಿಮ್ಮ ಭಾವನ ಕೈಯಾಗ ಕೊಡ್ತೀನಿ” ಎಂದು ಎರಡು ನಿಮಿಷ ಅವರಿಗೆ ಕೊಡುತ್ತಿದ್ದಳು. ಈಗ ಅರ್ಧ ಗಂಟೆ ಹೋಗಿ ಆ ಎರಡು ನಿಮಿಷ ಮಾತ್ರ ಉಳಿಯಿತು. ಅದರಲ್ಲಿ ಭಾವ ದ್ವೀಪಗಳ ಹೆಸರು ಒಂದೊಂದಾಗಿ ಹೇಳಿ, ಸೆಕೆ, ಗುಡುಗು, ಮಳೆ ಒಪ್ಪಿಸುತ್ತಿದ್ದರು. ನಾನು ಹ್ಞೂಂಗುಟ್ಟುತ್ತಿದ್ದೆ. ನಾನು ಕಾಣದ, ಕಾಣುವ ಸಂಭವವೂ ಇಲ್ಲದ ಊರುಗಳ ಮಳೆ! ಫೋನ್ ಇಟ್ಟ ಮೇಲೆ ರೂಮಿನಲ್ಲಿ ಫ್ರಿಜ್ಜಿನ ಸದ್ದು ದೊಡ್ಡದಾಗಿ ಕೇಳಿಸುತ್ತಿತ್ತು. ಮುಂದಿನ ಭಾನುವಾರ ಫೋನ್ ಬಾರದಿದ್ದರೆ ಏನು ಎಂದು ವಾರವಿಡೀ ಯೋಚಿಸುತ್ತಿದ್ದೆ. ನಾನೇ ಮಾಡಬಹುದಿತ್ತಲ್ಲ ಎನ್ನುತ್ತೀರಾ? ಮಾಡಿ ಏನು ಹೇಳಲಿ, ಬ್ಲ್ಯಾಕ್‌ಟೌನ್‌ನಲ್ಲಿ ಮೋಡ ಇದೆ ಎಂದೇ?

ಹೋದ ವರ್ಷದ ದೀಪಾವಳಿ ಹತ್ತಿರ ಬಂತು. ನಮ್ಮ ಕಡೆ ಪಾಡ್ಯ ಆಗಿ ಎರಡು ದಿನಕ್ಕೆ ಅಕ್ಕನ ತದಿಗೆ. ಅವತ್ತು ತಮ್ಮ ಅಕ್ಕನ ಮನೆಗೆ ಹೋಗಿ ಉಣ್ಣಬೇಕು, ಕೈಲಾದ ಉಡುಗೊರೆ ಕೊಡಬೇಕು. ಈ ದೇಶಕ್ಕೆ ಬಂದಾಗಿನಿಂದ ನಾನು ಅದನ್ನು ತಪ್ಪಿಸಿರಲಿಲ್ಲ. ಭಾನುವಾರದ ಫೋನಿನಲ್ಲಿ ದ್ವೀಪಗಳೆಲ್ಲ ಮುಗಿದ ಮೇಲೂ ಭಾವ ಫೋನ್ ಇಡಲಿಲ್ಲ.

“ತದಿಗಿಗೆ ಬರ್ತೀ ಏನು?”

“ಅಕ್ಕ ಇಲ್ಲಲ್ರೀ ಭಾವ. ವರ್ಷನೂ ಆಗಿಲ್ಲ, ಹಬ್ಬ ಮಾಡಂಗಿಲ್ಲ.”

“ಹೌದಲ್ಲ,” ಎಂದು ಫೋನ್ ಇಟ್ಟರು.

ಯಾಕೆ ಹಾಗೆ ಹೇಳಿದೆನೋ! ಅಕ್ಕ ಇಲ್ಲ ಎಂದು ಅವರಿಗೆ ನಾನು ತಿಳಿಸಬೇಕಿತ್ತೇ? ಇನ್ನು ಫೋನ್ ಬರುವುದಿಲ್ಲ ಎಂದುಕೊಂಡೆ.

ತದಿಗೆಯ ದಿನ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಭಾವ! ಮೆಲ್ಬರ್ನ್‌ನಿಂದ ರಾತ್ರಿಯಿಡೀ ರೈಲಿನಲ್ಲಿ ಕೂತೇ ಬಂದ ಕೆಂಪು ಕಣ್ಣು, ಕೈಯಲ್ಲಿ ಸ್ಟೀಲ್ ಡಬ್ಬಿ.

“ಭಾವ, ಹಬ್ಬ ಮಾಡಬಾರದು...”

“ಹಬ್ಬ ಮಾಡಬಾರದು ಅಂತಾರ. ಉಣಬಾರದು ಅಂತ ಎಲ್ಲೂ ಬರದಿಲ್ಲ. ಕೂಡು.”

ಡಬ್ಬಿಯಲ್ಲಿ ಅವರೇ ಮಾಡಿದ ಚಪಾತಿ, ಝುಣಕ. ಗುಂಡಗಿದ್ದ ಚಪಾತಿ ಒಂದೂ ಇರಲಿಲ್ಲ, ಒಂದೊಂದೂ ಒಂದೊಂದು ದ್ವೀಪ! ಗಟ್ಟಿತನ ಹೇಳುವುದೇ ಬೇಡ. ಡಿಪೋದಲ್ಲಿ ನಾವು ಇಂಥದ್ದನ್ನು ಎಂಜಿನ್ನಿನ ಸಂದಿಗೆ ಪ್ಯಾಕಿಂಗ್ ಎಂದು ಹಾಕುತ್ತೇವೆ. ಹರಿದು ಬಾಯಿಗಿಟ್ಟೆ. ಭಾವ ಕೂರಲಿಲ್ಲ, ಎದುರಿಗೆ ನಿಂತು ಬಡಿಸಿದರು.

“ಹೆಂಗ ಆಗ್ಯಾವ?”

“ಛಲೋ ಆಗ್ಯಾವ.”

“ಸುಳ್ಳ ಹೇಳಬ್ಯಾಡ.”

ಉಂಡು ಕೈ ತೊಳೆದು ಕಪಾಟು ತೆರೆದೆ. ಅಕ್ಕ ಆಸ್ಪತ್ರೆ ಸೇರುವ ಮೊದಲೇ ಪ್ಯಾರಮಟ್ಟಾದ ಅಂಗಡಿಯಿಂದ ಅವಳಿಗೆಂದು ತಂದಿಟ್ಟ ಹಸಿರು ಕುಪ್ಪಸದ ಖಣ ಅಲ್ಲಿತ್ತು. ಇಷ್ಟು ತಿಂಗಳೂ ಅದನ್ನು ಯಾರಿಗೂ ಕೊಡಲಾಗಿರಲಿಲ್ಲ. ಭಾವನ ಮುಂದೆ ಹಿಡಿದೆ. ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡರು, ಎಲ್ಲಿಡುವುದೆಂದು ತಿಳಿಯದೆ ಕೋಟಿನ ಒಳಜೇಬಿಗೆ ಮಡಿಚಿಟ್ಟುಕೊಂಡರು. ಅದರ ತುದಿ ಹೊರಗೆ ಉಳಿಯಿತು.

“ಮುಂದಿನ ವರ್ಷ ನೀನ ಬಾ,” ಎಂದರು ಗೋಡೆ ನೋಡುತ್ತ. “ಅಷ್ಟರೊಳಗ ಗುಂಡಗ ಲಟ್ಟಸೋದು ಕಲೀತೀನಿ.”

ಈ ವರ್ಷದ ತದಿಗೆ ಬರುವ ಗುರುವಾರ. ರೈಲು ಬುಕ್ ಮಾಡಿದ್ದೇನೆ.