ಆಕಾರ ಹೇಳಿ ಸಾಮಾನು ಒಯ್ಯಿರಿ

"ನಾಳೆ ಎಲ್ಲಾರೂ ಮನಿಯಿಂದ ಒಂದೊಂದು ಸಾಮಾನು ತರ್ರಿ. ವೃತ್ತ, ತ್ರಿಕೋನ, ಆಯತ, ಯಾವ ಆಕಾರದ್ದಾದ್ರೂ ನಡೀತೈತಿ" ಎಂದು ಹನುಮೇಶ ಮಾಸ್ತರರು ಒಂದನೇ ತರಗತಿಯ ಮಕ್ಕಳಿಗೆ ಹೇಳಿದ್ದರು. ಮನೆಯವರನ್ನು ಕೇಳಿ ತರಬೇಕೆಂದು ಹೇಳಲು ಮರೆತಿದ್ದರು.

ಮಾಸ್ತರರು ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರು. ಏಳನೇ ತರಗತಿಗೆ ಬೀಜಗಣಿತ ಕಲಿಸಬೇಕೆಂಬುದು ಅವರ ಬಹುದಿನದ ಆಸೆ. ಸಪ್ತಾಪುರದ ಈ ಶಾಲೆಗೆ ಬಂದು ಆರು ವರ್ಷವಾದರೂ ಒಂದನೇ ತರಗತಿಯ ಮೂಗು ಒರೆಸುವುದೇ ಮುಗಿದಿರಲಿಲ್ಲ. "ಇವತ್ತ ತಪಾಸಣಿಗೆ ಬರೂ ಸಾಹೇಬ್ರು ಮೆಚ್ಚಿದ್ರ ಏಳನೇ ಇಯತ್ತೆ ನಿಮಗ ಕೊಡ್ತೇನ್ರಿ ಸರ್" ಎಂದು ಮುಖ್ಯೋಪಾಧ್ಯಾಯಿನಿ ದಾಕ್ಷಾಯಿಣಿ ಅಕ್ಕೋರು ಮಾತು ಕೊಟ್ಟಿದ್ದರು.

ಗಂಟೆ ಹೊಡೆಯಿತು. ಅಕೀಬ ತಲೆಯ ಮೇಲೆ ರೊಟ್ಟಿ ಹಂಚು ಹೊತ್ತುಕೊಂಡು ಬಂದ. ಕಪಿಲ ತಂದ ಹ್ಯಾಂಗರಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಇನ್ನೂ ನೇತಾಡುತ್ತಿತ್ತು. ಸೌಂದರ್ಯಾ ತನ್ನ ಮನೆಯ ಗೇಟಿನಿಂದ 'ರೂಮು ಬಾಡಿಗೆಗೆ ಇದೆ' ಬೋರ್ಡನ್ನೇ ಬಿಚ್ಚಿ ತಂದು, ಎಲ್ಲರಿಗೂ ಕಾಣಲೆಂದು ಬಾಗಿಲಿಗೆ ಆನಿಸಿದಳು.

ಮೊದಲು ಬಂದವರು ಇಬ್ಬರು ಕಾಲೇಜು ಹುಡುಗರು.

"ಸರ್, ನೀರು ಎರಡೂ ಹೊತ್ತು ಬರ್ತಾವೇನ್ರಿ?"

"ಇದು ಸಾಲಿ ಐತ್ರೆಪಾ!"

"ನಡೀತೈತ್ರಿ. ಗಾಳಿ ಬೆಳಕು ಛಲೋ ಅದಾವು."

ಅವರನ್ನು ಸಾಗಹಾಕುವ ಮೊದಲೇ ಅಕೀಬನ ಅಜ್ಜಿ ರೆಹಮತ್‌ಬಿ ಹಿಟ್ಟಿನ ಕೈಯಲ್ಲೇ ಓಡಿಬಂದರು. "ಏನ್ರಿ ಮಾಸ್ತರ, ರೊಟ್ಟಿ ಬಡದು ಎತ್ತಿದ್ರ ಒಲಿ ಮ್ಯಾಲೆ ಹಂಚss ಇಲ್ಲ!"

ಹಿಂದೆಯೇ ಕಪಿಲನ ತಂದೆ ಗುರುಶಿದ್ದಪ್ಪ. ಮೈಮೇಲೆ ಬರೀ ಬನಿಯನ್ನು. "ಫ್ಯಾಕ್ಟರಿ ಬಸ್ ಬರೂ ಹೊತ್ತಾತು. ಹಿಂಗ ಡ್ಯೂಟಿಗೆ ಹೋಗಲೇನ್ರಿ?"

ಹತ್ತು ನಿಮಿಷದಲ್ಲಿ ಓಣಿಗೆ ಓಣಿಯೇ ಬಂದು ತರಗತಿ ಸಂತೆಯಾಯಿತು. ಅದೇ ಹೊತ್ತಿಗೆ ತಪಾಸಣೆಯ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಏಳನೇ ತರಗತಿ ಕೈತಪ್ಪಿತೆಂದು ಮಾಸ್ತರರು ಗೋಡೆಗೆ ಒರಗಿದರು.

ಆದರೆ ಅಕೀಬ ಹಂಚನ್ನು ಅವಚಿಕೊಂಡು ಬಿಡಲೊಲ್ಲ. "ಮೊದಲ ಆಕಾರ ಹೇಳು ನಾನಿ, ಆಮ್ಯಾಲೆ ಒಯ್ಯಿ."

"ಗುಂಡಗೈತಲ್ಲೋ!"

"ಗುಂಡಗ ಅಂದ್ರ ಕೊಡೂದಿಲ್ಲ. ವೃತ್ತ ಅನ್ನು."

"ವೃತ್ತ! ತಾ ಇಲ್ಲೆ!"

ಹಂಚು ಸಿಕ್ಕಿತು. ಗುರುಶಿದ್ದಪ್ಪನ ಸರದಿ. ಹ್ಯಾಂಗರನ್ನು ದಿಟ್ಟಿಸಿ ನೋಡಿ, "ಅಂಗಿ" ಎಂದ.

"ತಪ್ಪು!" ಇಡೀ ತರಗತಿ ಕೂಗಿತು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಗಿ ತಗದು ನೋಡ್ರಿ ಯಜಮಾನ್ರ" ಎಂದು ಅವರೇ ಹೇಳಿಕೊಟ್ಟರು. "ತ್ರಿಕೋನ!" ಎಂದು ಕೂಗಿದ ಗುರುಶಿದ್ದಪ್ಪ ಅಂಗಿ ತೊಟ್ಟು ಬಸ್ಸಿಗೆ ಓಡಿದ. ಬಾಗಿಲಲ್ಲಿ ಇನ್ನೂ ನಿಂತಿದ್ದ ಕಾಲೇಜು ಹುಡುಗರು ಬೋರ್ಡಿನತ್ತ ಕೈ ಮಾಡಿ "ಆಯತ" ಎಂದರು. "ಖರೇ ಐತಿ. ರೂಮ್ ನೋಡಾಕ ಸಂಜೀಕ ಬರ್ರಿ" ಎಂದಳು ಸೌಂದರ್ಯಾ.

ಸಾಹೇಬರು ಮಾಸ್ತರರ ಎರಡೂ ಕೈ ಹಿಡಿದುಕೊಂಡರು. "ಮೂವತ್ತು ವರ್ಷದಾಗ ಇಂಥಾ ಪಾಠ ನೋಡಿಲ್ರಿ! ಮಕ್ಕಳಿಗಷ್ಟss ಅಲ್ಲ, ಓಣಿಗೇ ಕಲಿಸೀರಿ."

ಮಾಸ್ತರರ ಎದೆ ಉಬ್ಬಿತು. ಆರು ವರ್ಷದ ಕಷ್ಟ ಇವತ್ತಿಗೆ ತೀರಿತೆಂದು ಕಣ್ಣು ತುಂಬಿಬಂತು. ರೆಹಮತ್‌ಬಿ ಮಾಸ್ತರರ ದೃಷ್ಟಿ ತೆಗೆದು ಲಟಿಕೆ ಮುರಿದರು. ಸಾಹೇಬರು ತಪಾಸಣೆಯ ಪುಸ್ತಕ ತರಿಸಿ ದೊಡ್ಡ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಎಲ್ಲರೂ ಕೇಳುವಂತೆ ಓದಲು ದಾಕ್ಷಾಯಿಣಿ ಅಕ್ಕೋರ ಕೈಗೆ ಕೊಟ್ಟರು.

"ಒಂದನೇ ತರಗತಿಗೆ ಇಂಥ ಶಿಕ್ಷಕರು ಸಿಗುವುದು ಅಪರೂಪ. ನಿವೃತ್ತಿಯಾಗುವವರೆಗೂ ಇವರನ್ನು ಬೇರೆ ಯಾವ ತರಗತಿಗೂ ಹಾಕಕೂಡದು."

ಚಪ್ಪಾಳೆಯೋ ಚಪ್ಪಾಳೆ. ಅಕ್ಕೋರು ತಟ್ಟಿದರು, ಓಣಿಯವರು ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಕಿಟಕಿಯಲ್ಲಿ ಇಣುಕುತ್ತಿದ್ದ ಏಳನೇ ತರಗತಿಯ ಮಕ್ಕಳು.