ದಿಂಬಿನ ಕೆಳಗಿನ ಹಳದಿ ಕಲ್ಲು

ಮದುವೆ ಗೊತ್ತಾದ ಮನೆಯಲ್ಲಿ ನಗೆಪಾಟಲಿನ ಪ್ರಸಂಗಗಳನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಅವು ತಾವಾಗಿ ಬರುತ್ತವೆ. ಎಂಬತ್ತರ ದಶಕದಲ್ಲಿ, ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಾಗ, ನಮ್ಮ ಮನೆಗೂ ಬಂದವು.

ಮಗಳಿಗೆ ಬನಶಂಕರಿಯ ಒಂದು ಸಂಬಂಧವನ್ನು ನೋಡಿ ಒಪ್ಪಿದವಳು ನನ್ನ ಹೆಂಡತಿ. ನಿಶ್ಚಿತಾರ್ಥ ನೋಡಲು ಅವಳು ಉಳಿಯಲಿಲ್ಲ. ಅವಳ ವರ್ಷದ ಕಾರ್ಯ ಮುಗಿದ ಮೇಲೆ, ಆಷಾಢಕ್ಕೆ ಮುಂಚಿನ ಕೊನೆಯ ಭಾನುವಾರ ಸಂಜೆಗೆ ಮುಹೂರ್ತ ಇಟ್ಟೆವು. ಅದು ತಪ್ಪಬಾರದು ಎಂಬುದೊಂದೇ ನನ್ನ ಹಟ. ಅಳಿಯನ ಉಂಗುರ ಒಂದನ್ನು ಬಿಟ್ಟು ಉಳಿದೆಲ್ಲ ಸಿದ್ಧವಾಗಿತ್ತು.

ಪುಷ್ಯರಾಗವಲ್ಲ

"ಹುಡುಗನಿಗೆ ಗುರುಬಲ ಸ್ವಲ್ಪ ಕಮ್ಮಿಯಂತೆ. ಉಂಗುರಕ್ಕೆ ಹಳದಿ ಕಲ್ಲು ಹಾಕಿಸಿ" ಎಂದು ಬೀಗಿತ್ತಿ ಹೇಳಿಕಳಿಸಿದ್ದರು. ಹಳದಿ ಕಲ್ಲು ಎಂದರೆ ಪುಷ್ಯರಾಗ. ಪುಷ್ಯರಾಗ ಮೇಷ್ಟರ ಸಂಬಳಕ್ಕೆ ಎಟುಕುವುದಿಲ್ಲ. ನಮ್ಮ ಬಡಾವಣೆಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರು ಒಂದು ಕಾಗದದ ಪೊಟ್ಟಣ ಬಿಚ್ಚಿದರು.

"ಇದು ಸಿಟ್ರಿನ್ ಸಾರ್. ಸುನೇಲ ಅಂತಾರೆ. ಪುಷ್ಯರಾಗದ ಬದಲಿಗೆ ಹಾಕ್ಕೋತಾರೆ."

ಜೊತೆಗೆ ಬಂದಿದ್ದ ನನ್ನ ಅಕ್ಕನಿಗೆ ಅನುಮಾನ. "ಗುರುಗ್ರಹಕ್ಕೆ ಗೊತ್ತಾಗಲ್ವೇನ್ರೀ?"

"ಅಷ್ಟು ದೂರದಿಂದ ನೋಡೋರಿಗೆ ಹಳದಿ ಅಂದ್ರೆ ಹಳದಿ, ಅಮ್ಮಾ."

ಗ್ರಹಕ್ಕೆ ಗೊತ್ತಾಗದಿದ್ದರೂ ಬೀಗರಿಗೆ ಗೊತ್ತಾಗಬೇಕು ಎಂದು ನಾನು. "ಸುಮ್ನಿರೋ, ಸಂಬಂಧ ಮುರಿದುಹೋದೀತು" ಎಂದು ಅಕ್ಕ. ನಾನು ಸುಮ್ಮನಿರಲಿಲ್ಲ. ಬನಶಂಕರಿಗೆ ಹೋಗಿ, ಕೊಟ್ಟ ಕಾಫಿಯನ್ನು ಮುಟ್ಟದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಬೀಗಿತ್ತಿ ಲೋಟವನ್ನು ನನ್ನ ಕಡೆಗೆ ಸರಿಸಿದರು. "ಕಾಫಿ ಕುಡೀರಿ ಮೇಷ್ಟ್ರೆ. ನಮ್ಮ ಹುಡುಗ ಮ್ಯಾನೇಜರ್ ಅಂತ ನಿಮಗೆ ಹೇಳಿದ್ರಲ್ಲ, ಅವನೂ ಮ್ಯಾನೇಜರ್ ಅಲ್ಲ, ಸೂಪರ್‌ವೈಸರ್ರು."

ಡ್ರೈವರ್ ಆರಿಸಿದ ಬಣ್ಣ

ಮಗಳನ್ನೂ ಕರೆದುಕೊಂಡು ಮತ್ತೆ ಅಂಗಡಿಗೆ ಹೋದೆವು. ಆಚಾರ್ರ ಬಳಿ ಎರಡು ಕಲ್ಲು ಚೆನ್ನಾಗಿದ್ದವು. ಅಕ್ಕನಿಗೆ ತುಪ್ಪದ ಬಣ್ಣದ್ದು ಬೇಕು, ಮಗಳಿಗೆ ಬೆಲ್ಲದ ಪಾಕದ ಬಣ್ಣದ್ದು. "ಟ್ಯೂಬ್‌ಲೈಟಲ್ಲಿ ನೋಡಿದ್ರೆ ಪ್ರಯೋಜನ ಇಲ್ಲ, ಬಿಸಿಲಲ್ಲಿ ನೋಡಿ" ಎಂದರು ಆಚಾರ್ರು.

ಅಂಗಡಿಯ ಹೊರಗೆ ಬಿಸಿಲೂ ಇತ್ತು, ಬಸ್ ಸ್ಟಾಪೂ ಇತ್ತು. ಅಕ್ಕ ತುಪ್ಪದ ಬಣ್ಣದ ಕಲ್ಲನ್ನು ಎತ್ತಿ ಹಿಡಿದದ್ದೇ ತಡ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಮ್ಮ ನೆಂಟರಾದರು. "ಯಾರ ಮದುವೆ?" "ಹುಡುಗ ಏನ್ ಮಾಡ್ತಾನೆ?" ಎಂದು ಅವರು ಕೇಳುತ್ತಿದ್ದಂತೆ ಕಲ್ಲು ಕೈಯಿಂದ ಕೈಗೆ ಹೋಯಿತು. ಕೊಡೆ ಹಿಡಿದ ವಯಸ್ಸಾದವರೊಬ್ಬರು ಅದನ್ನು ಕಣ್ಣಿಗೆ ಒತ್ತಿಕೊಂಡು ಸೂರ್ಯನನ್ನು ಪರೀಕ್ಷಿಸುತ್ತಿದ್ದಾಗ ಬಸ್ಸು ಬಂತು. ಜನ ನುಗ್ಗಿದರು. ಬಸ್ಸು ಹೊರಟಿತು. ಅವರೂ ಇಲ್ಲ, ಕಲ್ಲೂ ಇಲ್ಲ.

"ಓಡೋ!" ಎಂದು ಅಕ್ಕ ಕೂಗಿದಳು. ನಾನು ಓಡಿದೆ. ತರಗತಿಯಲ್ಲಿ ಓಡಬೇಡಿ ಎಂದು ನನ್ನಿಂದ ಬೈಸಿಕೊಂಡಿದ್ದ ನಾಲ್ಕು ಜನ ಹುಡುಗಿಯರು ಎದುರು ಫುಟ್‌ಪಾತಿನಲ್ಲಿ ನಿಂತು ನೋಡಿದರು.

ಮುಂದಿನ ಸ್ಟಾಪಿನಲ್ಲಿ ಆ ಹಿರಿಯರು ಇಳಿದು, ಆರಾಮವಾಗಿ ನಡೆದು ಬರುತ್ತಿದ್ದರು. ಕಲ್ಲನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದರು: "ಕಂಡಕ್ಟರು ಚೆನ್ನಾಗಿದೆ ಅಂದ್ರು. ಡ್ರೈವರ್ ಮಾತ್ರ ಬಣ್ಣ ತೆಳುವಾಯ್ತು ಅಂತಾರೆ. ಗಾಢವಾದ್ದು ಇದ್ರೆ ನೋಡಿ."

ಬೆಲ್ಲದ ಪಾಕದ ಬಣ್ಣದ್ದನ್ನೇ ತೆಗೆದುಕೊಂಡೆವು.

ಯಾರ ತಲೆ, ಯಾರ ದಿಂಬು

ಕಲ್ಲು ಆಗಿಬರುತ್ತದೋ ಇಲ್ಲವೋ ನೋಡಲು, ಧರಿಸುವವರ ದಿಂಬಿನ ಕೆಳಗೆ ಮೂರು ರಾತ್ರಿ ಇಡುವುದು ಬೀಗರ ಮನೆಯ ಪದ್ಧತಿ. ಕೆಟ್ಟ ಕನಸು ಬಿದ್ದರೆ ಬೇರೆ ಕಲ್ಲು ಹುಡುಕಬೇಕು, ಅಂದರೆ ನಿಶ್ಚಿತಾರ್ಥ ಆಷಾಢದಾಚೆಗೆ. ಬಟ್ಟೆಯಲ್ಲಿ ಕಟ್ಟಿ ಕಲ್ಲನ್ನು ಕೊಟ್ಟು ಬಂದೆ. ಮೂರು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ.

ನಾಲ್ಕನೆಯ ದಿನ, ಶನಿವಾರ, ಕಲ್ಲು ತರಲು ಹೋದೆ. ಬೀಗರ ಮುಖದಲ್ಲಿ ಕಳೆ. "ಸಖತ್ ಕಲ್ಲು ಮೇಷ್ಟ್ರೆ! ಮಂಡಿನೋವು ಹೋಯ್ತು. ನಲ್ಲೀಲಿ ನೀರು ಬಂತು."

"ಅಳಿಯಂದಿರಿಗೆ ಮಂಡಿನೋವು ಇತ್ತೇ?" ಎಂದೆ ಗಾಬರಿಯಿಂದ.

"ಅವನಿಗಲ್ಲ, ನನಗೆ! ಅವನಿಗೆ ಬೊಮ್ಮನಹಳ್ಳಿ ಫ್ಯಾಕ್ಟ್ರೀಲಿ ನೈಟ್ ಶಿಫ್ಟು. ರಾತ್ರಿ ಆ ಮಂಚದಲ್ಲಿ ಮಲಗೋನು ನಾನು."

"ಪಕ್ಕದ್ಮನೆ ನಲ್ಲೀಲೂ ನೀರು ಬಂತು. ಅವರು ಯಾವ ಕಲ್ಲು ಇಟ್ಕೊಂಡಿದ್ರು?" ಎಂದು ಬೀಗಿತ್ತಿ ಒಳಗಿನಿಂದ ಕೂಗಿದರು.

ಬೀಗರು ಕಲ್ಲಿದ್ದ ಜೇಬಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕಲ್ಲು ತಮಗೇ ಆಗಿಬಂದಿದೆ, ತಾವೇ ಹಾಕಿಕೊಳ್ಳುತ್ತೇವೆ, ಹುಡುಗನಿಗೆ ಇನ್ನೊಂದು ನೋಡಿ ಎಂದು ಅವರ ವಾದ. ಇನ್ನೊಂದಕ್ಕೆ ಮತ್ತೆ ಮೂರು ರಾತ್ರಿ ಬೇಕು. ಮುಹೂರ್ತ ಮರುದಿನ.

ಅವರು ನನ್ನ ಮುಖ ನೋಡಿ ಸ್ವರ ತಗ್ಗಿಸಿದರು. "ಮೇಷ್ಟ್ರೆ, ನಿಮಗೆ ನಿದ್ದೆ ಬರುತ್ತಾ?"

"ಇಲ್ಲ" ಎಂದೆ. ಹೆಂಡತಿ ಹೋದಮೇಲೆ ಯಾರೂ ಅದನ್ನು ಕೇಳಿರಲಿಲ್ಲ.

ಅವರು ಗಂಟನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟರು. "ಇವತ್ತೊಂದು ರಾತ್ರಿ ನೀವಿಟ್ಕೊಳ್ಳಿ. ಬೆಳಿಗ್ಗೆ ಎದ್ದ ತಕ್ಷಣ ಆಚಾರ್ರಿಗೆ ಕೊಟ್ಬಿಡಿ. ಹೆಂಗಿದ್ರೂ ಮನೆಗೇ ಬರೋ ಕಲ್ಲು, ಮಂಡಿ ನೋವು ಬಂದ್ರೆ ಮಗನ ಹತ್ರ ಇಸ್ಕೋತೀನಿ."

ಎದ್ದ ತಕ್ಷಣ

ಬೆಳಿಗ್ಗೆ ಎದ್ದ ತಕ್ಷಣ ಎಂದಿದ್ದರು. ನಾನು ಏಳಲೇ ಇಲ್ಲ.

ಕಣ್ಣು ಬಿಟ್ಟಾಗ ಬಿಸಿಲು ನಡುಮನೆಗೆ ಬಂದಿತ್ತು. ಹೊರಗೆ ಪಿಸುಮಾತು. ಬಾಗಿಲು ತೆರೆದರೆ ಜಗುಲಿಯ ಮೇಲೆ ಆಚಾರ್ರು, ಕಲ್ಲಿಲ್ಲದ ಉಂಗುರ ಮತ್ತು ಚಿಮಟ ಹಿಡಿದು ಕೂತಿದ್ದರು. ಪಕ್ಕದಲ್ಲಿ ಬೀಗರು. ಮೆಟ್ಟಿಲ ಮೇಲೆ ಅಕ್ಕ.

"ಎಬ್ಬಿಸಬಾರದಾಗಿತ್ತೇ?" ಎಂದೆ.

"ನಾನು ಆಗಿಂದ ಬಡ್ಕೋತಿದೀನಿ. ನಿನ್ನ ಮಗಳು ಬಿಡ್ಬೇಕಲ್ಲ" ಎಂದಳು ಅಕ್ಕ.

ಮಗಳು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಹೂ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಉಂಗುರ ಸಂಜೆಗಾದ್ರೂ ಹಾಕಬಹುದು ಅಪ್ಪಾ. ನೀವು ಮಲಗಿ ಒಂದು ವರ್ಷ ಆಗಿತ್ತು."

ಆಚಾರ್ರು ಜಗುಲಿಯ ಮೇಲೆಯೇ ಕಲ್ಲು ಕೂರಿಸಿದರು. ಸಂಜೆ ಮುಹೂರ್ತಕ್ಕೆ ಸರಿಯಾಗಿ ಮಗಳು ಉಂಗುರ ತೊಡಿಸಿದಳು. ಬೆಲ್ಲದ ಪಾಕದ ಬಣ್ಣ ದೀಪದಲ್ಲಿ ಹೊಳೆಯಿತು. ಅವಳ ತಾಯಿ ಇದ್ದಿದ್ದರೆ, ಇನ್ನೂ ಸ್ವಲ್ಪ ಗಾಢ ಇರಬೇಕಿತ್ತು ಎನ್ನುತ್ತಿದ್ದಳು. ಪುರೋಹಿತರು ಲಗ್ನಪತ್ರಿಕೆ ಓದತೊಡಗಿದರು. ಹಿಂದಿನ ರಾತ್ರಿಯ ಪಾಳಿ ಮುಗಿಸಿ, ಹಗಲೆಲ್ಲ ನೆಂಟರನ್ನು ಕರೆತಂದಿದ್ದ ಹುಡುಗ, ಉಂಗುರದ ಕೈಯನ್ನು ಕೆನ್ನೆಗೆ ಕೊಟ್ಟುಕೊಂಡು, ಹಸೆಯ ಮೇಲೆ ಕೂತಲ್ಲೇ ನಿದ್ದೆ ಹೋದ. ಸಣ್ಣಗೆ ಗೊರಕೆಯೂ ಕೇಳಿತು.

ಓದು ನಿಂತಿತು. ಇಡೀ ಸಭೆ ಹಸೆಯ ಕಡೆ ಕತ್ತು ಚಾಚಿತು.

ಬೀಗಿತ್ತಿ ಎದ್ದು ಬಂದು ಮಗನ ಮುಖ ನೋಡಿ, ನನ್ನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಓದಿ ಪುರೋಹಿತರೇ, ಏನೂ ಯೋಚನೆ ಇಲ್ಲ. ಕಲ್ಲು ಇವನಿಗೂ ಆಗಿಬಂತು!"