ನೀರಗಂಟಿಯೇ ಸರಿ

ಭಾನುವಾರ ಬೆಳಿಗ್ಗೆ ವೆಂಕಟಗಿರಿಯ ಎಡಗೆನ್ನೆಯ ಶೇವಿಂಗ್ ಮುಗಿದು, ಬಲಗೆನ್ನೆಗೆ ಬ್ಲೇಡ್ ತಗುಲಿಸುವಷ್ಟರಲ್ಲಿ ನೀರು ನಿಂತಿತು. ಬಚ್ಚಲ ನಲ್ಲಿಯನ್ನು ತಿರುಗಿಸಿದ, ಇನ್ನೂ ತಿರುಗಿಸಿದ, ತಿರುಗುವಷ್ಟೂ ತಿರುಗಿಸಿದ. ಅದು ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಮುಖದ ನೊರೆಯನ್ನು ಟವೆಲಿನಲ್ಲಿ ಒರೆಸಿ, ಅದನ್ನು ಸಿಟ್ಟಿನಿಂದ ಮೂಲೆಗೆಸೆದು, ಮನೆ ಬಾಗಿಲು ಎಳೆದುಕೊಂಡು ಕೆಳಗಿಳಿದ. ಹೆಂಡತಿ ವಿಜಯಶ್ರೀ ಕೆಂಗೇರಿಯ ತವರಿಗೆ ಹೋಗಿದ್ದಳು. ಅವಳು ಮನೆಯಲ್ಲಿದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ಅವರ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತರೆ ಮಲ್ಲತ್ತಹಳ್ಳಿ ಕೆರೆ ಕಾಣುತ್ತದೆ. ಒಳಗೆ ಬಂದು ನಲ್ಲಿ ತಿರುಗಿಸಿದರೆ ಏನೂ ಕಾಣುವುದಿಲ್ಲ. ಬೋರ್ ಬತ್ತಿ ಹದಿನೈದು ದಿನವಾಗಿತ್ತು.

ಹನ್ನೊಂದಕ್ಕೆ ಟ್ಯಾಂಕರ್ ಬಂತು. ವಾಚ್‌ಮನ್ ರಾಚಪ್ಪ ನೀರನ್ನೆಲ್ಲ ಟೆರೇಸಿನ ಟ್ಯಾಂಕಿಗೆ ಏರಿಸಿದ. ಅಸೋಸಿಯೇಷನ್ ಅಧ್ಯಕ್ಷೆ ಪಂಕಜಾ, ನಿವೃತ್ತ ಹೆಡ್‌ಮಿಸ್ಟ್ರೆಸ್, ಗೇಟಿನ ಬಳಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ನೋಡಿ, ಇನ್ನು ಮಂಗಳವಾರದವರೆಗೆ ಟ್ಯಾಂಕರ್ ಇಲ್ಲ. ನಾಳೆ ಭುವನೇಶ್ವರಿ ಮನೇಲಿ ಫಂಕ್ಷನ್ ಇದೆ. ಈ ನೀರು ಅವರಿಗೆ. ಯಾರೂ ಮುಟ್ಟೋ ಹಾಗಿಲ್ಲ."

ಭುವನೇಶ್ವರಿಗೆ ಏಳು ತಿಂಗಳು. ಸೀಮಂತಕ್ಕೆ ಗದಗ ಕಡೆಯವರು ಕುಬಸ ಎನ್ನುತ್ತಾರೆ. ಅದನ್ನು ಮಾಡಲು ತಾಯಿ ಮುತ್ತವ್ವ ಎರಡು ಚೀಲ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. "ಅರವತ್ತ ಮಂದಿ ಬರ್ತಾರ್ರೀ. ನೀರಿಲ್ದ ಕುಬಸ ಹೆಂಗ ಮಾಡೂದು? ಬೀಗರ ಮುಂದ ನನ್ನ ಮಗಳ ಮಾನದ ಪ್ರಶ್ನೆ ಐತಿ," ಎನ್ನುವಾಗ ಅವರ ಕಣ್ಣು ತುಂಬಿತ್ತು.

"ಚಿಂತೆ ಮಾಡ್ಬೇಡಿ ಅಮ್ಮ. ನಿಮ್ಗೋಸ್ಕರ ನಾನು ಅರ್ಧ ಶೇವಿಂಗಲ್ಲೇ ಇರ್ತೀನಿ," ಎಂದ ವೆಂಕಟಗಿರಿ. ತ್ಯಾಗ ಮಾಡಿದವನಿಗೆ ಅದನ್ನು ನಾಲ್ಕು ಜನರಿಗೆ ತೋರಿಸದಿದ್ದರೆ ಸಮಾಧಾನವಿರುವುದಿಲ್ಲ. ಒಂದು ಕೆನ್ನೆ ನುಣುಪು, ಒಂದು ಕೆನ್ನೆ ಒರಟು ಮಾಡಿಕೊಂಡು ಅವನು ದಿನವಿಡೀ ಕೆಳಗೇ ಓಡಾಡಿದ. ಮುತ್ತವ್ವ ಕೊಟ್ಟ ರೊಟ್ಟಿ, ಎಣ್ಣೆಗಾಯಿಯಲ್ಲಿ ಮಧ್ಯಾಹ್ನದ ಊಟವೂ ಮುಗಿಯಿತು.

ಮೂರು ಗಂಟೆಗೆ ಪಾರ್ಕಿಂಗ್ ಜಾಗದಲ್ಲಿ ಮಕ್ಕಳಿಗೆ ಸಿನಿಮಾ. ಚಿತ್ರವನ್ನು ಆರಿಸಿದವನು ವೆಂಕಟಗಿರಿಯೇ. ಚಿಕ್ಕವನಿದ್ದಾಗ ಅದನ್ನು ಹನ್ನೊಂದು ಸಲ ನೋಡಿದ್ದ. ಅದರಲ್ಲಿ ಒಬ್ಬ ನೀರಗಂಟಿ, ಅಂದರೆ ಕೆರೆಯ ತೂಬು ಕಾಯುವವನು. ಗಿರಿಜಾ ಮೀಸೆ, ಕೈಯಲ್ಲಿ ದೊಣ್ಣೆ. ಕಾಲುವೆಯಲ್ಲಿ ದೋಣಿ ಬಿಡಬೇಕು, ಸ್ವಲ್ಪ ನೀರು ಬಿಡು ಎಂದು ಮಕ್ಕಳು ಅಂಗಲಾಚಿದರೆ, "ತೂಬಿನ ಮುಂದೆ ನೆಂಟಸ್ತಿಕೆ ಇಲ್ಲ," ಎಂದು ಗದರುತ್ತಾನೆ. ಕೊನೆಯಲ್ಲಿ ಮಕ್ಕಳು ಅವನನ್ನು ಕೆಸರಿಗೆ ಕೆಡವಿ ತೂಬು ಎತ್ತುತ್ತಾರೆ. ನೀರು ಭೋರ್ಗರೆಯುತ್ತದೆ, ಹಾಡು ಶುರುವಾಗುತ್ತದೆ. ಆ ಹಾಡಿಗೆ ಹನ್ನೊಂದು ಸಲವೂ ವೆಂಕಟಗಿರಿ ಸೀಟಿನ ಮೇಲೆ ನಿಂತು ಕುಣಿದಿದ್ದ.

ಹನ್ನೆರಡನೆಯ ಸಲ ಕುಣಿಯಲಿಲ್ಲ. ನೀರು ಹರಿಯುತ್ತಿದ್ದಂತೆ ಎದ್ದು ನಿಂತ.

"ಸಿನಿಮಾ ನಿಲ್ಸಿ. ಈ ನೀರಗಂಟಿ ಏನು ತಪ್ಪು ಮಾಡಿದಾನೆ? ಕೆರೆ ಖಾಲಿ ಆದ್ರೆ ಊರಿನವರು ಬೇಸಿಗೇಲಿ ಏನು ಕುಡೀತಾರೆ, ಹಾಡು ಕುಡೀತಾರಾ?"

ಮುಂದಿನ ಸಾಲಿನಲ್ಲಿದ್ದ ಹತ್ತು ವರ್ಷದ ಕೀರ್ತನಾ ತಿರುಗಿ ನೋಡಿದಳು. "ಅಂಕಲ್, ಅವನು ವಿಲನ್."

"ಅಲ್ಲಮ್ಮ. ಅವನೊಬ್ಬನೇ ಬುದ್ಧಿ ಇರೋನು. ಮೂವತ್ತೈದು ವರ್ಷ ಪಾಪದವನನ್ನ ಬೈಕೊಂಡು ಬಂದೆ."

ಚಿಕ್ಕ ಮಗುವೊಂದು ಅಳತೊಡಗಿತು. ಪಂಕಜಾ ಕನ್ನಡಕ ತೆಗೆದರು. "ವೆಂಕಟಗಿರಿ, ಮಕ್ಕಳ ಪಿಕ್ಚರ್ ಕಣಪ್ಪ ಇದು. ಕೂತ್ಕೊ." ಹಿಂದಿನಿಂದ ಯಾರೋ, "ಮುಖ ನೋಡಿ, ಅವರೇ ವಿಲನ್ ಥರ ಇದಾರೆ," ಎಂದರು. ಎಲ್ಲರೂ ನಕ್ಕರು. ವೆಂಕಟಗಿರಿ ಬಲಗೆನ್ನೆ ಮುಚ್ಚಿಕೊಂಡು ಕುಳಿತ.

ಸಿನಿಮಾ ಮುಗಿದದ್ದೇ ತಡ, ಮಕ್ಕಳು ಹಾಡು ಹೇಳುತ್ತಾ ಗಿಡಕ್ಕೆ ನೀರು ಬಿಡುವ ಪೈಪು ತೆರೆದು ಪಾರ್ಕಿಂಗಿನ ಮೋರಿಯಲ್ಲಿ ಕಾಗದದ ದೋಣಿ ಬಿಟ್ಟರು. ದೋಣಿ ಎರಡು ಮಾರು ಹೋಗಿ ಕುಳಿತುಬಿಟ್ಟಿತು. ಪೈಪು ಗೊರಗೊರ ಎಂದು ಒಣಗಿತು. ರಾಚಪ್ಪ ಟೆರೇಸಿಗೆ ಓಡಿ, ಬಿಳಿಚಿಕೊಂಡು ಇಳಿದುಬಂದ.

"ಮೇಡಮ್, ಟ್ಯಾಂಕ್ ಖಾಲಿ."

ಮುತ್ತವ್ವ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಆಮೇಲೆ ಎಲ್ಲರೂ ನಿಧಾನವಾಗಿ ವೆಂಕಟಗಿರಿಯ ಕಡೆ ತಿರುಗಿದರು.

ಜೀವನದಲ್ಲಿ ಅವನ ಮಾತು ಸರಿಯಾದದ್ದು ಕಡಿಮೆ. ಸರಿಯಾದಾಗ ಅದನ್ನು ಯಾರಾದರೂ ಗಮನಿಸಿದ್ದು ಇನ್ನೂ ಕಡಿಮೆ. ಈಗ ಅವನಿಗೆ ಎರಡಂಗುಲ ಎತ್ತರವಾದಂತೆ ಅನಿಸಿತು. ನಿಜಕ್ಕೂ ಬಹಳ ಖುಷಿಯಾಯಿತು.

"ನೀನು ಹೇಳಿದ್ದು ಸರಿ ಕಣಪ್ಪ," ಎಂದರು ಪಂಕಜಾ. ಟೆರೇಸಿನಲ್ಲಿ ಪ್ರತಿ ಮನೆಗೂ ಒಂದೊಂದು ವಾಲ್ವ್ ಇತ್ತು. ಆ ವಾಲ್ವ್ ಪೆಟ್ಟಿಗೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಅವನ ಕೈಗಿಟ್ಟರು. "ಇವತ್ತಿಂದ ನೀರಿನ ಜವಾಬ್ದಾರಿ ನಿಂದು. ನೀನು ಹೇಳಿದ್ದೇ ರೂಲು." ಎಲ್ಲರೂ ಚಪ್ಪಾಳೆ ತಟ್ಟಿದರು.

ವೆಂಕಟಗಿರಿ ಗಂಟಲು ಸರಿ ಮಾಡಿಕೊಂಡ. "ಮೊದಲನೇ ರೂಲು. ನೀರು ಪೋಲು ಮಾಡಿದೋರ ಮನೆ ವಾಲ್ವ್ ಒಂದು ವಾರ ಬಂದ್. ಎರಡನೇದು, ನಾಳೆ ಕುಬಸದ ನೀರನ್ನ ಪೋಲು ಮಾಡಿದೋರೇ ಹೊತ್ತು ತರ್ಬೇಕು, ಕೆರೆ ಪಕ್ಕದ ಕುಡಿಯೋ ನೀರಿನ ಘಟಕದಿಂದ, ಕ್ಯಾನಲ್ಲಿ. ಯಾರೇ ಆಗ್ಲಿ. ತೂಬಿನ ಮುಂದೆ ನೆಂಟಸ್ತಿಕೆ ಇಲ್ಲ."

ಮತ್ತೆ ಚಪ್ಪಾಳೆ. ಕೀರ್ತನಾ ಮಾತ್ರ ಕೈ ಕಟ್ಟಿ ನಿಂತಿದ್ದಳು.

"ಅಂಕಲ್, ನಾವು ಬಿಟ್ಟಿದ್ದು ಎರಡು ನಿಮಿಷ. ಎರಡು ನಿಮಿಷಕ್ಕೆ ಅಷ್ಟು ದೊಡ್ಡ ಟ್ಯಾಂಕ್ ಖಾಲಿ ಆಗುತ್ತಾ?"

ಪ್ರಶ್ನೆ ನ್ಯಾಯವಾಗಿತ್ತು, ಹೊಸ ಅಧಿಕಾರಿಯೂ ನ್ಯಾಯವಂತನಾಗಿದ್ದ. "ಹಾಗಾದ್ರೆ ಬನ್ನಿ, ಒಂದೊಂದೇ ಮನೆ ನೋಡೋಣ," ಎಂದು ಬೀಗದ ಕೈ ತಿರುಗಿಸುತ್ತಾ ಮುಂದೆ ನಡೆದ. ಹಿಂದೆ ಇಡೀ ಅಪಾರ್ಟ್‌ಮೆಂಟು. ಮೊದಲ ಮಹಡಿ ಒಣಗಿತ್ತು, ಎರಡನೆಯದೂ ಒಣಗಿತ್ತು. ಮೂರನೆಯ ಮಹಡಿಯ ಮೆಟ್ಟಿಲಲ್ಲಿ ಅವನ ಚಪ್ಪಲಿ ಪಚಕ್ಕೆಂದಿತು.

"ಸಿಕ್ಕಿಬಿದ್ರು ನೋಡಿ," ಎಂದ ಸಂಭ್ರಮದಿಂದ. ನೀರಿನ ಜಾಡು ಹಿಡಿದು ಮೂರು ಹೆಜ್ಜೆ ಇಟ್ಟ. ನಾಲ್ಕನೆಯ ಹೆಜ್ಜೆ ಏಳಲಿಲ್ಲ. ನೀರು ಬರುತ್ತಿದ್ದದ್ದು ಅವನ ಮನೆಯ ಬಾಗಿಲ ಕೆಳಗಿನಿಂದ.

ಬೀಗ ತೆಗೆದಾಗ ವಿಜಯಶ್ರೀಯ ಪ್ಲಾಸ್ಟಿಕ್ ಸ್ಟೂಲು ಹಾಲ್‌ನಲ್ಲಿ ತೇಲುತ್ತಿತ್ತು. ಬಚ್ಚಲ ನಲ್ಲಿ ಪೂರ್ತಿ ತೆರೆದುಕೊಂಡು ಕೊನೆಯ ಹನಿಗಳನ್ನು ಉದುರಿಸುತ್ತಿತ್ತು. ಅವನು ಬೆಳಿಗ್ಗೆ ಎಸೆದ ಟವೆಲು ನೀರು ಹೋಗುವ ತೂತಿನ ಮೇಲೆ ಭದ್ರವಾಗಿ ಕುಳಿತಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಪಂಕಜಾ ಸುಮ್ಮನೆ ಕೈ ಚಾಚಿದರು. ವೆಂಕಟಗಿರಿ ಬೀಗದ ಕೈಯನ್ನು ಹಿಂದಿರುಗಿಸಿದ. ಅವರು ಅದನ್ನು ಕೀರ್ತನಾಳ ಕೊರಳಿಗೆ ಹಾಕಿದರು. ಮುತ್ತವ್ವ ಮಗಳ ಮನೆಯಿಂದ ನಾಲ್ಕು ಖಾಲಿ ಕ್ಯಾನು ತಂದು ಅವನ ಮುಂದಿಟ್ಟು, "ಸಾವಕಾಶ ತರ್ರಿ, ಅವಸರಿಲ್ಲ," ಎಂದರು.

ಕತ್ತಲಾಗುವ ಮುಂಚೆ ವೆಂಕಟಗಿರಿ ಏಳನೆಯ ಕ್ಯಾನು ಹೊತ್ತು ಮೆಟ್ಟಿಲೇರುತ್ತಿದ್ದ. ಅವನ ಮನೆಯ ಹಾಲ್‌ನಲ್ಲಿ ಮಕ್ಕಳೆಲ್ಲ ಸೇರಿ ಕಾಗದದ ದೋಣಿ ಬಿಟ್ಟಿದ್ದರು. ಇಲ್ಲಿ ದೋಣಿಗಳು ಚೆನ್ನಾಗಿ ಓಡುತ್ತಿದ್ದವು. ಮೆಟ್ಟಿಲ ತುದಿಯಲ್ಲಿ ಕೀರ್ತನಾ ಕಾಡಿಗೆಯಲ್ಲಿ ಗಿರಿಜಾ ಮೀಸೆ ಬರೆದುಕೊಂಡು, ಸ್ಕೇಲು ಹಿಡಿದು ಕಾವಲು ನಿಂತಿದ್ದಳು.

ವೆಂಕಟಗಿರಿ ಏದುಸಿರು ಬಿಡುತ್ತಾ, "ಒಂದು ಚೊಂಬು ನೀರು ತಗೋತೀನಿ ಪುಟ್ಟಿ. ಈ ಕೆನ್ನೆ ಒಂದು ಬೋಳಿಸ್ಕೊಂಡ್ಬಿಡ್ತೀನಿ," ಎಂದ.

ಅವಳು ಸ್ಕೇಲನ್ನು ಅಡ್ಡ ಹಿಡಿದಳು.

"ನೀವು ಹೇಳಿದ್ದೇ ಸರಿ ಅಂಕಲ್. ನೀರಗಂಟಿ ಒಳ್ಳೆಯವನೇ. ನಿಮ್ಮಂಥೋರು ಇರೋವರೆಗೂ ಅವನು ಬೇಕು."